ಹಳೆಯ ಮನೆಯ ಒಳಚರಂಡಿಗೆ ಕ್ಯಾಮೆರಾ ತಪಾಸಣೆ: ವರದಿಯನ್ನು ಹೇಗೆ ಓದಬೇಕು?

ಪ್ರಶ್ನೆ

ನಮಸ್ಕಾರ. ಸುಮಾರು 60 ವರ್ಷ ಹಳೆಯ ಮನೆಯೊಂದನ್ನು ನಾವು ಕಳೆದ ವರ್ಷ ಕೊಂಡೆವು. ಮೊದಲ ಕೆಲವು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಬಚ್ಚಲಿನ ನೀರು ನಿಧಾನವಾಗಿ ಇಳಿಯತೊಡಗಿತು. ಶೌಚಾಲಯದಲ್ಲಿ ನೀರು ಬಿಟ್ಟಾಗಲೆಲ್ಲ ಬಚ್ಚಲಿನ ಜಾಲರಿಯ ಕೆಳಗೆ ಗುಳುಗುಳು ಸದ್ದು ಕೇಳಿಸುತ್ತಿತ್ತು. ಎರಡು ಬಾರಿ ಮನೆಯ ಪಕ್ಕದ ಚೇಂಬರಿನಲ್ಲಿ ಕೊಳಚೆ ನೀರು ಮೇಲೇರಿ ನಿಂತಿತು. ಎರಡು ಬಾರಿಯೂ ಸರಳು ಹಾಕಿಸಿ ಕಟ್ಟಿಕೊಂಡದ್ದನ್ನು ಬಿಡಿಸಿದೆವು. ಮೂರನೆಯ ಬಾರಿಗೆ ಕಾಯುವುದು ಬೇಡವೆಂದು ಈಗ ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿದ್ದೇವೆ.

ತಪಾಸಣೆ ಮಾಡಿದವರು ಆರು ನಿಮಿಷದ ಚಿತ್ರಣವನ್ನೂ ಒಂದು ಪುಟದ ವರದಿಯನ್ನೂ ಕೊಟ್ಟಿದ್ದಾರೆ. ವರದಿಯ ಸಾರ ಇಷ್ಟು: ಕೊಳವೆ 100 ಮಿ.ಮೀ. ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನದು), 4.8 ಮೀಟರ್ ಮತ್ತು 7.2 ಮೀಟರ್ ದೂರದ ಜಾಯಿಂಟ್‌ಗಳಲ್ಲಿ ಬೇರು, 10.5 ಮೀಟರಿನಿಂದ 14 ಮೀಟರಿನವರೆಗೆ ಕೊಳವೆ ಕುಸಿದು ನೀರು ನಿಂತಿದೆ. ಬೀದಿಯ ಮುಖ್ಯ ಕೊಳವೆಯವರೆಗೆ ತಪಾಸಣೆ ಮುಗಿದಿದೆ. ಇಡೀ ಸಾಲನ್ನು ಅಗೆದು ಬದಲಿಸುವುದು ಸೂಕ್ತ.

ಚಿತ್ರಣವನ್ನು ನಾನು ನಾಲ್ಕೈದು ಬಾರಿ ನೋಡಿದೆ. ಕಂದು ಬಣ್ಣದ ಕೊಳವೆ, ಅಲ್ಲಲ್ಲಿ ಕೂದಲಿನಂತೆ ನೇತಾಡುವ ಬೇರುಗಳು, ಕೊನೆಯಲ್ಲಿ ಬರೀ ಕದಡಿದ ನೀರು, ಇಷ್ಟೇ ನನಗೆ ಕಂಡದ್ದು. ಇಡೀ ಸಾಲನ್ನು ಬದಲಿಸಬೇಕೆಂಬ ತೀರ್ಮಾನಕ್ಕೆ ಇದರಿಂದ ಹೇಗೆ ಬಂದರೆಂಬುದು ನನಗೆ ತಿಳಿಯುತ್ತಿಲ್ಲ. ಅವರ ಮಾತನ್ನು ಅನುಮಾನಿಸಲು ನನ್ನಲ್ಲಿ ಆಧಾರವಿಲ್ಲ, ಹಾಗೆಯೇ ಒಪ್ಪಿಕೊಳ್ಳಲೂ ಇಲ್ಲ. ಕೊಳವೆಯ ಮೇಲೆ ಅಂಗಳದ ಕಲ್ಲುಹಾಸು ಮತ್ತು ಒಂದು ದೊಡ್ಡ ಮರ ಇವೆ, ಆದ್ದರಿಂದ ಅಗೆತ ಸಣ್ಣ ಕೆಲಸವಾಗುವುದಿಲ್ಲ. ಇಂಥ ಚಿತ್ರಣದಲ್ಲಿ ಏನನ್ನು ಗಮನಿಸಬೇಕು, ಕ್ಯಾಮೆರಾಕ್ಕೆ ಕಾಣದಿರುವುದು ಏನು, ಮುಂದಿನ ಹೆಜ್ಜೆಗೆ ಮುನ್ನ ನಾನು ಏನನ್ನು ಕೇಳಬೇಕು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಾನು ಅನೇಕ ವರ್ಷ ಈ ಕ್ಯಾಮೆರಾವನ್ನು ಕೊಳವೆಗಳೊಳಗೆ ಬಿಡುವ ಕೆಲಸವನ್ನೇ ಮಾಡಿದ್ದೇನೆ. ನಿಮ್ಮ ವರದಿಯಲ್ಲಿ ಕಂಡದ್ದೂ ಊಹಿಸಿದ್ದೂ ಒಂದೇ ಸಾಲಿನಲ್ಲಿ ಬೆರೆತುಹೋಗಿವೆ. "10.5 ಮೀಟರಿನಿಂದ ನೀರು ನಿಂತಿದೆ" ಎಂಬುದು ಕಂಡದ್ದು. "ಕೊಳವೆ ಕುಸಿದಿದೆ" ಎಂಬುದು ಆ ನೀರಿಗೆ ಅವರು ಕೊಟ್ಟ ಕಾರಣ. ಇವೆರಡನ್ನೂ ಬೇರ್ಪಡಿಸಿ ನೋಡದೆ ಅಗೆತಕ್ಕೆ ಒಪ್ಪಬೇಡಿ.

ಮನೆಯ ಕೊಳವೆಗಳಿಗೆ ಬಳಸುವುದು ಗಟ್ಟಿಯಾದರೂ ಬಾಗುವ ಫೈಬರ್‌ಗ್ಲಾಸ್ ಸರಳಿನ ತುದಿಗೆ ಕಟ್ಟಿದ ಸಣ್ಣ ಕ್ಯಾಮೆರಾ. ಅದರ ಸುತ್ತ ಎಲ್‌ಇಡಿ ದೀಪಗಳಿರುತ್ತವೆ, ಸರಳು ದೊಡ್ಡ ಚಕ್ರಕ್ಕೆ ಸುತ್ತಿರುತ್ತದೆ, ಚಕ್ರದಿಂದ ಎಷ್ಟು ಸರಳು ಹೊರಬಂದಿದೆ ಎಂಬುದನ್ನು ಎಣಿಸುವ ಸಾಧನ ಪರದೆಯ ಮೇಲೆ ದೂರವನ್ನು ತೋರಿಸುತ್ತದೆ. ಈ ಅಂಕಿ ಸರಳಿನ ಉದ್ದವೇ ಹೊರತು ನೆಲದ ಮೇಲಿನ ದೂರವಲ್ಲ. ಚೇಂಬರಿನ ಬಾಯಲ್ಲಿ ಸೊನ್ನೆಗೆ ತಂದರೋ, ಕೊಳವೆಯ ತುದಿಯಲ್ಲಿ ತಂದರೋ ಎಂಬುದರ ಮೇಲೆ ಒಂದು ಮೀಟರಿನಷ್ಟು ವ್ಯತ್ಯಾಸ ಬರಬಹುದು. ನಿಮ್ಮ ಕೊಳವೆ ಸ್ಟೋನ್‌ವೇರ್ ಆಗಿರುವುದರಿಂದ ಅಂಕಿಯನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಆ ಕೊಳವೆಗಳು ಗಿಡ್ಡ; ಸಾಮಾನ್ಯವಾಗಿ 60 ಸೆಂ.ಮೀ.ಯಿಂದ 1 ಮೀಟರ್ ಉದ್ದ. ಚಿತ್ರಣವನ್ನು ನಿಧಾನವಾಗಿ ಓಡಿಸಿ ಜಾಯಿಂಟ್‌ಗಳನ್ನು ಎಣಿಸಿ. ನಿಮ್ಮ ಬೇರುಗಳು 4.8 ಮತ್ತು 7.2ರಲ್ಲಿವೆ, ಎರಡೂ 0.6ರ ಗುಣಕಗಳು, ಅಂದರೆ ಕೊಳವೆಗಳು 60 ಸೆಂ.ಮೀ.ಯವು ಎಂದು ತೋರುತ್ತದೆ. ಎಂಟನೆಯ ಮತ್ತು ಹನ್ನೆರಡನೆಯ ಜಾಯಿಂಟ್‌ಗಳಲ್ಲಿ ಬೇರು ಕಂಡರೆ ಅಂಕಿ ಸರಿಯಾಗಿದೆ.

ಇನ್ನು ನೀರಿನ ವಿಷಯ. ಹಳೆಯ ಮನೆಗಳ ವರದಿಗಳಲ್ಲಿ ಅತಿ ಹೆಚ್ಚು ತಪ್ಪು ಓದಿಗೆ ಗುರಿಯಾಗುವುದು ಇದೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಕೊಳವೆಯಲ್ಲಿ ನೀರು ನಿಲ್ಲಲು ಎರಡು ಮುಖ್ಯ ಕಾರಣಗಳಿವೆ. ಒಂದು, ಕೊಳವೆಯ ಕೆಳಗಿನ ಮಣ್ಣು ಕುಗ್ಗಿ ಕೊಳವೆ ಜೋಲಿಯಂತೆ ಇಳಿದಿರುವುದು. ಇನ್ನೊಂದು, ಕೊಳವೆಯ ವಾಟ ಸರಿಯಾಗಿಯೇ ಇದ್ದು, ಮುಂದೆಲ್ಲೋ ಬೇರು, ಜಿಡ್ಡು ಅಥವಾ ಮೇಲಕ್ಕೆದ್ದ ಕೊಳವೆಯ ಅಂಚು ಒಡ್ಡಿನಂತೆ ನಿಂತು ನೀರನ್ನು ಹಿಂದಕ್ಕೆ ತಡೆದಿರುವುದು. ಎರಡರಲ್ಲಿಯೂ ಕ್ಯಾಮೆರಾ ನೀರಿನೊಳಗೆ ಇಳಿಯುತ್ತದೆ, ಆದರೆ ಅದು ಇಳಿಯುವ ರೀತಿ ಬೇರೆ. ಜೋಲಿಯಾದ ಕೊಳವೆಯಲ್ಲಿ ನೀರಿನ ಆಳ ಹೆಚ್ಚುತ್ತ ಹೋಗಿ, ನಡುವೆ ಗರಿಷ್ಠವಾಗಿ, ಮತ್ತೆ ಕಡಿಮೆಯಾಗುತ್ತ ಬರುತ್ತದೆ. ಕ್ಯಾಮೆರಾ ಆಚೆ ದಡದಲ್ಲಿ ಮೇಲೇಳುತ್ತದೆ. ಒಡ್ಡಿನ ಹಿಂದೆ ನಿಂತ ನೀರಾದರೆ ಆಳ ಒಂದೇ ಸಮನೆ ಹೆಚ್ಚುತ್ತಲೇ ಹೋಗಿ ಒಡ್ಡಿನ ಬುಡದಲ್ಲಿ ಅತಿ ಹೆಚ್ಚಾಗಿರುತ್ತದೆ. ನಿಮ್ಮ ಚಿತ್ರಣ ನೀರಿನೊಳಗೇ ಮುಗಿದಿದೆ ಎಂದು ನೀವು ಬರೆದಿರುವುದೇ ನನ್ನನ್ನು ಈ ಯೋಚನೆಗೆ ಹಚ್ಚಿತು. ಮುಖ್ಯ ಕೊಳವೆಯನ್ನು ತಲುಪಿದ ಕ್ಯಾಮೆರಾಕ್ಕೆ ಎದುರಿಗೆ ದೊಡ್ಡ ಕೊಳವೆಯ ಗೋಡೆಯೋ, ಅಡ್ಡಲಾಗಿ ಹರಿಯುವ ನೀರೋ ಕಾಣಬೇಕು.

ಬೇರುಗಳ ಬಗ್ಗೆ ಅಷ್ಟು ಗಾಬರಿ ಬೇಡ. 100 ಮಿ.ಮೀ. ಕೊಳವೆಯೊಳಗೆ ಮಸೂರ ಎಲ್ಲಕ್ಕೂ ತೀರ ಹತ್ತಿರವಿರುವುದರಿಂದ ದಾರದಷ್ಟು ಬೇರು ಹಗ್ಗದಂತೆಯೂ, ಕೂದಲೆಳೆಯ ಬಿರುಕು ಕಂದಕದಂತೆಯೂ ಕಾಣುತ್ತದೆ. ಬೇರುಗಳು ಗಟ್ಟಿ ಕೊಳವೆಯನ್ನು ಕೊರೆದು ಬರುವುದಿಲ್ಲ. ಹಳೆಯ ಸಿಮೆಂಟ್ ಗಾರೆಯ ಜಾಯಿಂಟ್‌ನಲ್ಲಿ ಸಣ್ಣ ಸಂದು ಆದಾಗ ಅಲ್ಲಿಂದ ಹೊರಸೂಸುವ ತೇವವನ್ನು ಅರಸಿ ಒಳಗೆ ಬರುತ್ತವೆ, ಬಂದಮೇಲೆ ದಪ್ಪಗಾಗಿ ಸಂದನ್ನು ಹಿಗ್ಗಿಸುತ್ತವೆ. ಹಾಗಾಗಿ ಬೇರಿನ ಮೊತ್ತಕ್ಕಿಂತ ಆ ಜಾಯಿಂಟ್‌ನ ಆಕಾರವನ್ನು ನೋಡಬೇಕು: ವೃತ್ತ ವೃತ್ತವಾಗಿಯೇ ಇದೆಯೇ, ಕೊಳವೆಯ ತುಂಡು ಒಡೆದಿದೆಯೇ, ಹೊರಗಿನ ಮಣ್ಣು ಕಾಣುತ್ತಿದೆಯೇ? ಮಣ್ಣು ಕಂಡರೆ ಮಾತ್ರ ಅದು ಬೇಗ ಕೈಹಾಕಬೇಕಾದ ಸ್ಥಳ, ಏಕೆಂದರೆ ಹೊರಗಿನ ಮಣ್ಣು ನೀರಿನೊಂದಿಗೆ ಕೊಳವೆಯೊಳಗೆ ತೊಳೆದುಹೋಗುತ್ತ ನೆಲದಡಿ ಪೊಳ್ಳಾಗುತ್ತದೆ, ಮತ್ತು ಆ ಪೊಳ್ಳು ಕ್ಯಾಮೆರಾಕ್ಕೆ ಬಹುಮಟ್ಟಿಗೆ ಕಾಣುವುದಿಲ್ಲ.

ದೋಷಗಳನ್ನು ಒಂದೇ ಅಳತೆಯಲ್ಲಿ ಗುರುತಿಸಲು ಪದ್ಧತಿಗಳಿವೆ. ಅಮೆರಿಕದ ನಾಸ್ಕೋ ಸಂಸ್ಥೆಯ ಪದ್ಧತಿಯಲ್ಲಿ ಪ್ರತಿ ದೋಷಕ್ಕೆ 1ರಿಂದ 5ರವರೆಗೆ ಶ್ರೇಣಿ ಕೊಡುತ್ತಾರೆ, 5 ಅತಿ ಗಂಭೀರ. ಯುರೋಪಿನಲ್ಲಿ ಇಎನ್ 13508-2 ಎಂಬ ಮಾನಕ ಬಳಕೆಯಲ್ಲಿದೆ. ನಾಸ್ಕೋ ಪದ್ಧತಿಯಲ್ಲಿ ಬಿರುಕು, ಒಡಕು ಮುಂತಾದ ರಚನೆಯ ದೋಷಗಳನ್ನೂ ಬೇರು, ಜಿಡ್ಡು, ಹೂಳು ಮುಂತಾದ ನಿರ್ವಹಣೆಯ ದೋಷಗಳನ್ನೂ ಬೇರೆ ಬೇರೆ ಎಣಿಸುತ್ತಾರೆ. ನಿಮ್ಮ ವರದಿಯಲ್ಲಿ ರಚನೆಯ ದೋಷವೆಂದು ಹೇಳಬಹುದಾದದ್ದು ಆ ಕುಸಿತ ಒಂದೇ, ಅದೂ ಸಾಬೀತಾಗಿಲ್ಲ.

ದಯವಿಟ್ಟು ಮೂರು ವಿವರ ಕೊಡಿ: ಚೇಂಬರಿನಿಂದ ಬೀದಿಯ ಮ್ಯಾನ್‌ಹೋಲ್‌ವರೆಗಿನ ದೂರವನ್ನು ಟೇಪು ಹಿಡಿದು ಅಳೆಯಿರಿ, ನೀರು ಆರಂಭವಾದಲ್ಲಿಂದ ಅದರ ಮಟ್ಟ ಏರುತ್ತಲೇ ಹೋಯಿತೇ, ಇಳಿಯಿತೇ ನೋಡಿ, ತಪಾಸಣೆಯ ಹೊತ್ತಿನಲ್ಲಿ ಮನೆಯಲ್ಲಿ ನಲ್ಲಿ ತೆರೆದಿತ್ತೇ ಎಂದು ಕೇಳಿ ತಿಳಿಸಿ.

ಉತ್ತರ 2

ನಾನು ಈ ವೃತ್ತಿಯವಳಲ್ಲ, ಹಳೆಯ ಮನೆಯಲ್ಲಿ ವಾಸಿಸುವವಳು. ಮನೆ ಕೊಳ್ಳುವ ಮುನ್ನ ನಾವೂ ಕ್ಯಾಮೆರಾ ತಪಾಸಣೆ ಮಾಡಿಸಿದ್ದೆವು. ಚಿತ್ರಣದಲ್ಲಿ ಕೊಳವೆ ತೊಳೆದ ಪಾತ್ರೆಯಂತೆ ಸ್ವಚ್ಛವಾಗಿತ್ತು. ನಾವು ನಿಶ್ಚಿಂತೆಯಿಂದ ಮನೆ ಕೊಂಡೆವು, ಎಂಟು ತಿಂಗಳಿಗೆ ಕೊಳವೆ ಪೂರ್ತಿ ಕಟ್ಟಿಕೊಂಡಿತು. ತಪಾಸಣೆಗೆ ಎರಡು ದಿನ ಮುಂಚೆ ಹಿಂದಿನ ಮಾಲೀಕರು ಕಟರ್ ಹಾಕಿಸಿ ಬೇರುಗಳನ್ನು ಕತ್ತರಿಸಿದ್ದರೆಂಬುದು ಆಮೇಲೆ ತಿಳಿಯಿತು. ಚಿತ್ರಣವನ್ನು ಮತ್ತೆ ನೋಡಿದಾಗ ಜಾಯಿಂಟ್‌ಗಳ ಸುತ್ತ ಬಿಳಿಯ ಚುಕ್ಕೆಗಳಂತೆ ಕತ್ತರಿಸಿದ ಬೇರಿನ ತುದಿಗಳು ಕಾಣುತ್ತಿದ್ದವು, ಅವು ಏನೆಂದು ಮೊದಲು ನಮಗೆ ಗೊತ್ತಿರಲಿಲ್ಲ. ಮನೆ ಬಹಳ ದಿನ ಖಾಲಿ ಬಿದ್ದಿದ್ದರೂ ಚಿತ್ರಣ ಮೋಸ ಮಾಡಬಹುದು, ಏಕೆಂದರೆ ನೀರು ಹರಿಯದ ಕೊಳವೆಯಲ್ಲಿ ಎಲ್ಲಿ ಏನು ತಡೆಯುತ್ತದೆಂಬುದು ಗೊತ್ತಾಗುವುದಿಲ್ಲ.

ಆದ್ದರಿಂದ ನನ್ನ ಸಲಹೆ, ಇದ್ದ ಸ್ಥಿತಿಯಲ್ಲಿ ಒಮ್ಮೆ ನೋಡಿಸಿ, ಸ್ವಚ್ಛಗೊಳಿಸಿದ ಮೇಲೆ ಇನ್ನೊಮ್ಮೆ ನೋಡಿಸಿ. ಮೊದಲನೆಯದು ತೊಂದರೆಯನ್ನು ತೋರಿಸುತ್ತದೆ, ಎರಡನೆಯದು ಅದರ ಹಿಂದಿನ ಕೊಳವೆಯನ್ನು ತೋರಿಸುತ್ತದೆ. ಕತ್ತರಿಸದ, ಅಂಕಿ ಮತ್ತು ದಿನಾಂಕ ಇರುವ ಪೂರ್ತಿ ಚಿತ್ರಣವನ್ನೇ ಕೇಳಿ ಪಡೆಯಿರಿ. ಬಿಡಿ ಫೋಟೊಗಳಿಂದ ಏನೂ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಟೇಪಿನಿಂದ ಅಳೆದಾಗ ಚೇಂಬರಿನಿಂದ ಬೀದಿಯ ಮ್ಯಾನ್‌ಹೋಲ್‌ವರೆಗೆ ಸುಮಾರು 19 ಮೀಟರ್ ಇದೆ. ಚಿತ್ರಣ 14.0ರಲ್ಲಿ ಮುಗಿದಿದೆ. ಜಾಯಿಂಟ್‌ಗಳನ್ನು ಎಣಿಸಿದೆ, ಎಂಟನೆಯದರಲ್ಲಿಯೂ ಹನ್ನೆರಡನೆಯದರಲ್ಲಿಯೂ ಬೇರು ಇವೆ. ನೀರು 10.5ರಲ್ಲಿ ತೆಳುವಾಗಿ ಆರಂಭವಾಗಿ, 12ರ ಹೊತ್ತಿಗೆ ಮಸೂರದ ಕಾಲುಭಾಗ ಮುಚ್ಚಿ, 13.5ರ ನಂತರ ಪೂರ್ತಿ ಮುಚ್ಚುತ್ತದೆ. ಎಲ್ಲಿಯೂ ಇಳಿಯುವುದಿಲ್ಲ. ನಲ್ಲಿ ತೆರೆದಿರಲಿಲ್ಲ. ಕೊನೆಯ ಕ್ಷಣದಲ್ಲಿ ಕ್ಯಾಮೆರಾ ಯಾವುದೋ ಮೆತ್ತನೆಯ ವಸ್ತುವಿಗೆ ತಾಗಿ ಹಿಂದಕ್ಕೆ ಸರಿದಂತೆ ಕಾಣುತ್ತದೆ.

ಉತ್ತರ 3, ಮೊದಲ ಉತ್ತರ ಬರೆದವರಿಂದ

ಹಾಗಾದರೆ ಚಿತ್ರ ಬಹುಮಟ್ಟಿಗೆ ಸ್ಪಷ್ಟವಾಯಿತು. ತಪಾಸಣೆ ಮುಖ್ಯ ಕೊಳವೆಯನ್ನು ತಲುಪಿಲ್ಲ, ಕೊನೆಯ ಐದು ಮೀಟರನ್ನು ಯಾರೂ ನೋಡಿಲ್ಲ. ಆಳ ಏರುತ್ತಲೇ ಹೋಗಿರುವುದರಿಂದ ಅದು ಒಡ್ಡಿನ ಹಿಂದಿನ ನೀರಾಗಿರುವ ಸಾಧ್ಯತೆಯೇ ಹೆಚ್ಚು. ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಕೊಳವೆಯ ವಾಟ 60ಕ್ಕೆ 1 ಇದೆ ಎಂದುಕೊಳ್ಳಿ, ಅಂದರೆ ಪ್ರತಿ 60 ಸೆಂ.ಮೀ. ಕೊಳವೆಗೆ 1 ಸೆಂ.ಮೀ. ಇಳಿತ. 14 ಮೀಟರಿನ ಆಸುಪಾಸಿನಲ್ಲಿ ಕೇವಲ 6 ಸೆಂ.ಮೀ. ಎತ್ತರದ ತಡೆ ಇದ್ದರೂ ಅದರ ಹಿಂದೆ 3.6 ಮೀಟರ್ ಉದ್ದಕ್ಕೆ ನೀರು ನಿಲ್ಲುತ್ತದೆ. ನಿಮ್ಮಲ್ಲಿ ನಿಂತಿರುವುದು ಮೂರೂವರೆ ಮೀಟರ್. ಇಷ್ಟರಿಂದಲೇ ಕುಸಿತವಿಲ್ಲವೆಂದು ನಾನು ಹೇಳಲಾರೆ, ಆದರೆ ಇರುವ ಚಿತ್ರಣದಿಂದ ಕುಸಿತವಿದೆಯೆಂದು ಯಾರೂ ಹೇಳಲಾಗದು.

ಈಗ ಮಾಡಬೇಕಾದದ್ದು ಆ ತಡೆಯನ್ನು ತೆಗೆದು ಮತ್ತೆ ನೋಡುವುದು. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕು. ಕಾಣದ ಜಾಗಕ್ಕೆ ತಿರುಗುವ ಕಟರ್ ಹಾಕಬಾರದು. ನೆಲವನ್ನು ಅಗೆಯದೆ ಅಡ್ಡಲಾಗಿ ಕೊರೆದು ಗ್ಯಾಸ್ ಕೊಳವೆ ಅಥವಾ ಕೇಬಲ್ ಹಾಕುವಾಗ ಅದು ಅರಿವಿಲ್ಲದೆ ಒಳಚರಂಡಿ ಕೊಳವೆಯ ಮಧ್ಯದಿಂದಲೇ ಹಾದುಹೋಗುವುದುಂಟು. ವರ್ಷಗಟ್ಟಲೆ ಅದು ಗೊತ್ತಾಗುವುದಿಲ್ಲ. ಕೊಳಚೆ ಅದಕ್ಕೆ ಸಿಕ್ಕಿಕೊಂಡು ಕೊಳವೆ ಕಟ್ಟಿಕೊಳ್ಳುತ್ತದೆ, ಬಿಡಿಸಲು ಹಾಕಿದ ಕಟರ್ ಗ್ಯಾಸ್ ಕೊಳವೆಯನ್ನು ಸೀಳುತ್ತದೆ, ಸೋರಿದ ಗ್ಯಾಸ್ ಒಳಚರಂಡಿ ಕೊಳವೆಯ ಮೂಲಕ ಮನೆಯೊಳಗೆ ಬರುತ್ತದೆ. ಇದರಿಂದ ಸ್ಫೋಟಗಳು ಸಂಭವಿಸಿವೆ. ಆದ್ದರಿಂದ ನಿಮ್ಮ ಬೀದಿಯಲ್ಲಿ ಗ್ಯಾಸ್ ಕೊಳವೆ ಇದ್ದರೆ, ಮೊದಲು ನೀರನ್ನು ಹೊರಗೆ ಎಳೆಸಿ, ತಡೆ ಏನೆಂದು ಕಣ್ಣಾರೆ ನೋಡಿ, ಆಮೇಲೆ ಕಟರ್ ಹಾಕಿಸಿ. ಸಾಧ್ಯವಾದರೆ ಬೀದಿಯ ಮ್ಯಾನ್‌ಹೋಲ್ ಕಡೆಯಿಂದ ಕ್ಯಾಮೆರಾವನ್ನು ಹಿಮ್ಮುಖವಾಗಿ ಬಿಡಿಸಿ, ಆ ಕಡೆ ನೀರು ಇರುವುದಿಲ್ಲ. ಯಾವ ಕಾರಣಕ್ಕೂ ಯಾರೂ ಮ್ಯಾನ್‌ಹೋಲಿನೊಳಗೆ ಇಳಿಯಬಾರದು. ಅಲ್ಲಿ ತುಂಬಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತೆಂದು ಧೈರ್ಯ ತಾಳಿದವರು ಅಲ್ಲಿಯೇ ಪ್ರಾಣ ಬಿಟ್ಟಿದ್ದಾರೆ. ಕ್ಯಾಮೆರಾ ಇರುವುದೇ ಮನುಷ್ಯ ಇಳಿಯದಿರಲೆಂದು.

ಹೆಚ್ಚಿನ ಒತ್ತಡದ ನೀರಿನಿಂದ ತೊಳೆಯುವವರಿಗೆ ಕೊಳವೆ ಹಳೆಯ ಸ್ಟೋನ್‌ವೇರ್ ಎಂದು ಮೊದಲೇ ತಿಳಿಸಿ. ಬಿರುಕು ಬಿಟ್ಟ ತುಂಡು ಅತಿ ಒತ್ತಡಕ್ಕೆ ಕಳಚಿಕೊಳ್ಳಬಹುದು. ಮತ್ತೆ ನೋಡುವಾಗ ಮನೆಯಲ್ಲಿ ಯಾರಾದರೂ ನಲ್ಲಿ ತೆರೆದು ಹತ್ತು ನಿಮಿಷ ನೀರು ಬಿಡಲಿ, ನಂತರ ನಿಲ್ಲಿಸಲಿ. ಹರಿದುಹೋಗದೆ ಉಳಿದ ನೀರೇ ನಿಜವಾಗಿ ನಿಂತ ನೀರು. ಕ್ಯಾಮೆರಾವನ್ನು ಓಡಿಸಬಾರದು: ನಾಸ್ಕೋ ಪದ್ಧತಿಯಲ್ಲಿ ನಿಮಿಷಕ್ಕೆ 30 ಅಡಿ, ಅಂದರೆ ಸುಮಾರು 9 ಮೀಟರ್, ಗರಿಷ್ಠ ವೇಗ. ಕೊನೆಯದಾಗಿ, ದೋಷ ಕಂಡಲ್ಲಿ ಕ್ಯಾಮೆರಾವನ್ನು ನಿಲ್ಲಿಸಿ ನೆಲದ ಮೇಲೆ ಗುರುತು ಹಾಕಿಸಿ. ಕ್ಯಾಮೆರಾದ ಹಿಂದೆ ಸಾಮಾನ್ಯವಾಗಿ 512 ಹರ್ಟ್ಸ್ ಸಂಕೇತ ಹೊರಡಿಸುವ ಸಣ್ಣ ಸಾಧನವಿರುತ್ತದೆ; ಮೇಲೆ ಹಿಡಿದ ಗ್ರಾಹಕದಿಂದ ಆ ಬಿಂದುವಿನ ನೇರ ಮೇಲಿನ ಜಾಗವೂ ಅಂದಾಜು ಆಳವೂ ತಿಳಿಯುತ್ತವೆ. ಈ ಗುರುತಿಲ್ಲದ ವರದಿಯನ್ನು ನಂಬಿ ಕಲ್ಲುಹಾಸನ್ನು ಕೀಳಿಸಿದರೆ ಬೇಡದ ಕಡೆ ಅಗೆದಂತಾಗುತ್ತದೆ.

ಉತ್ತರ 4

ಕಟ್ಟಡ ದುರಸ್ತಿಯ ಕೆಲಸದಲ್ಲಿರುವ ನಾನು ದುರಸ್ತಿಯ ದಾರಿಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಎರಡನೆಯ ತಪಾಸಣೆ ಮುಗಿದೊಡನೆ ನಿಮ್ಮ ಮುಂದೆ ಬರುವ ಪ್ರಶ್ನೆ ಅದೇ.

ಕೊಳವೆ ಯಾವುದರಿಂದ ಮಾಡಿದ್ದು ಎಂಬುದೇ ಅರ್ಧ ಉತ್ತರ. ಸ್ಟೋನ್‌ವೇರ್‌ನ ಬಲಹೀನತೆ ಅದರ ಜಾಯಿಂಟ್‌ಗಳಲ್ಲಿದೆ. ಕೊಳವೆಯ ಮೈ ನೂರು ವರ್ಷ ದಾಟಿಯೂ ಗಟ್ಟಿಯಾಗಿರುವುದುಂಟು. ಬೀಡು ಕಬ್ಬಿಣದ ಕೊಳವೆಯಲ್ಲಿ ಒಳಮೈಗೆ ತುಕ್ಕಿನ ಗಂಟುಗಳು ಬೆಳೆದು ದಾರಿ ಕಿರಿದಾಗುತ್ತದೆ, ತಳ ಸವೆದು ಉದ್ದಕ್ಕೆ ಸೀಳುತ್ತದೆ. ಆದರೆ ಆ ಸೀಳು ನೀರಿನ ಕೆಳಗಿರುವುದರಿಂದ ಕ್ಯಾಮೆರಾ ಅದನ್ನು ಕಾಣದೆ ದಾಟಿಹೋಗಬಹುದು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅಮೆರಿಕ, ಬ್ರಿಟನ್ ಮುಂತಾದೆಡೆ ನಾರು ಮತ್ತು ಕಲ್ಲಿದ್ದಲಿನ ಡಾಂಬರಿನಿಂದ ಮಾಡಿದ ಕೊಳವೆಗಳನ್ನು ಹಾಕಿದ್ದರು. ಅಮೆರಿಕದಲ್ಲಿ ಅವುಗಳಿಗೆ ಆರೆಂಜ್‌ಬರ್ಗ್ ಎಂದು ಹೆಸರು. ಅವು ಮಣ್ಣಿನ ಭಾರಕ್ಕೆ ಚಪ್ಪಟೆಯಾಗಿ ಒಳಗೆ ಬೊಬ್ಬೆ ಏಳುತ್ತವೆ. ಅಂಥ ಕೊಳವೆ ಕಂಡರೆ ಪೂರ್ತಿ ಬದಲಿಸಬೇಕೆಂಬ ಸಲಹೆಯಲ್ಲಿ ತಪ್ಪಿಲ್ಲ. ನಿಮ್ಮದು ಅದಲ್ಲ.

ಅಗೆಯದೆ ಮಾಡುವ ದುರಸ್ತಿಗಳಲ್ಲಿ ಪ್ರಸಿದ್ಧವಾದದ್ದು ಲೈನಿಂಗ್. ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಹಳೆಯ ಕೊಳವೆಯೊಳಗೆ ಉಬ್ಬಿಸಿ ಗಟ್ಟಿಯಾಗಲು ಬಿಡುತ್ತಾರೆ, ಹಳೆಯ ಕೊಳವೆಯೊಳಗೆ ಜಾಯಿಂಟ್ ಇಲ್ಲದ ಹೊಸ ಕೊಳವೆ ಸಿದ್ಧವಾಗುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಇದನ್ನು ಮೊದಲು ಪ್ರಯೋಗಿಸಿದರು. ಬೇರು ನುಗ್ಗುವ ಜಾಯಿಂಟ್‌ಗಳಿಗೆ ಇದು ಒಳ್ಳೆಯ ಮದ್ದು. ಆದರೆ ಲೈನಿಂಗ್ ಹಳೆಯ ಕೊಳವೆಯ ಆಕಾರವನ್ನೇ ಅನುಸರಿಸುತ್ತದೆಂಬುದನ್ನು ಮರೆಯಬಾರದು. ಕೊಳವೆ ಜೋಲಿಯಾಗಿದ್ದರೆ ಲೈನಿಂಗೂ ಜೋಲಿಯಾಗುತ್ತದೆ, ನೀರು ಅಲ್ಲಿಯೇ ನಿಲ್ಲುತ್ತದೆ. ವಾಟ ಕೆಟ್ಟಿದ್ದರೆ ಅಗೆದು ಆ ಭಾಗವನ್ನು ಮತ್ತೆ ಕೂರಿಸುವುದೇ ದಾರಿ. ಹೀಗಾಗಿ ನಿಂತ ನೀರು ಕುಸಿತದ್ದೋ ಒಡ್ಡಿನದ್ದೋ ಎಂಬುದು ತೀರ್ಮಾನವಾಗದೆ ಯಾವ ದುರಸ್ತಿಯನ್ನೂ ಆರಿಸಲಾಗುವುದಿಲ್ಲ. ಇನ್ನೊಂದು ಮಾತು: ಕೊಳವೆ ಸೋರುತ್ತಿದೆಯೇ ಎಂಬುದನ್ನು ಕ್ಯಾಮೆರಾ ಖಚಿತವಾಗಿ ಹೇಳಲಾರದು. ಅದಕ್ಕೆ ತುದಿಯನ್ನು ಮುಚ್ಚಿ ನೀರು ತುಂಬಿಸಿ ಮಟ್ಟ ಇಳಿಯುವುದೇ ಎಂದು ನೋಡುವ ಪರೀಕ್ಷೆ ಬೇರೆಯೇ ಇದೆ.

ಪ್ರಶ್ನೆ ಕೇಳಿದವರಿಂದ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಬೇರೊಬ್ಬ ತಪಾಸಕರನ್ನು ಕರೆಸಿ ನೀವು ಹೇಳಿದ ಕ್ರಮದಲ್ಲಿಯೇ ಮಾಡಿಸಿದೆ. ಬೀದಿಯ ಕಡೆಯಿಂದ ಕ್ಯಾಮೆರಾ ಬಿಟ್ಟಾಗ ಮ್ಯಾನ್‌ಹೋಲಿನಿಂದ ಮೂರು ಮೀಟರ್ ದೂರದವರೆಗೆ ಕೊಳವೆ ಪಿವಿಸಿ ಆಗಿರುವುದು ಕಂಡಿತು. ಹಿಂದೆ ಯಾರೋ ಆ ಭಾಗವನ್ನು ಬದಲಿಸಿದ್ದಾರೆ. ಅದರಾಚೆ ಸ್ಟೋನ್‌ವೇರ್ ಆರಂಭವಾಗುತ್ತದೆ, ಮುಂದೆ ಹೋದಂತೆ ಕೊಳವೆಯ ಮುಕ್ಕಾಲು ಭಾಗವನ್ನು ತುಂಬಿದ ಬೇರಿನ ಗೊಂಚಲು, ಅದಕ್ಕೆ ಅಂಟಿದ ಜಿಡ್ಡು ಮತ್ತು ಕಾಗದ. ಬೇರೆ ಕೊಳವೆ ಯಾವುದೂ ಅಡ್ಡ ಹಾದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕತ್ತರಿಸಿ ತೊಳೆದರು. ನಂತರ ಚೇಂಬರಿನ ಕಡೆಯಿಂದ ಬಿಟ್ಟ ಕ್ಯಾಮೆರಾ 19.3 ಮೀಟರಿನಲ್ಲಿ ಮ್ಯಾನ್‌ಹೋಲನ್ನು ತಲುಪಿತು.

ಮೂರೂವರೆ ಮೀಟರ್ ನೀರು ಹರಿದುಹೋಗಿತ್ತು. 14.4 ಮೀಟರಿನ ಜಾಯಿಂಟ್‌ನಲ್ಲಿ, ಅಂದರೆ ಇಪ್ಪತ್ನಾಲ್ಕನೆಯದರಲ್ಲಿ, ಮುಂದಿನ ಕೊಳವೆಯ ಅಂಚು ಸುಮಾರು ಒಂದು ಸೆಂ.ಮೀ. ಮೇಲಕ್ಕೆ ಎದ್ದಿದೆ, ಅದರ ಹಿಂದೆ ಅರ್ಧ ಮೀಟರಿನಷ್ಟು ತೆಳುವಾದ ನೀರು ಮಾತ್ರ ಉಳಿದಿತ್ತು. ಜಾಯಿಂಟ್‌ನ ಒಂದು ಪಕ್ಕದಲ್ಲಿ ಹೊರಗಿನ ಮಣ್ಣು ಕಾಣುತ್ತದೆ. ಜಾಗಕ್ಕೆ ನೆಲದ ಮೇಲೆ ಗುರುತು ಹಾಕಿದ್ದಾರೆ, ಆಳ ಸುಮಾರು 1.1 ಮೀಟರ್. ಅದು ಮರದ ಪಕ್ಕದಲ್ಲಿದೆ, ಕಲ್ಲುಹಾಸಿನ ಹೊರಗೆ. ಅಲ್ಲಿ ಮಾತ್ರ ಅಗೆದು ಎರಡು ಕೊಳವೆಗಳನ್ನು ಬದಲಿಸುವುದು ಸಾಕೇ? ಅಥವಾ ಇಡೀ ಸಾಲಿಗೆ ಲೈನಿಂಗ್ ಮಾಡಿಸಬೇಕೇ?

ಉತ್ತರ 5, ಮೊದಲ ಉತ್ತರ ಬರೆದವರಿಂದ

ಅಗೆಯಿರಿ, ಅಲ್ಲಿ ಮಾತ್ರ. ಒಂದು ಸೆಂ.ಮೀ. ಮೆಟ್ಟಿಲು ಲೈನಿಂಗ್ ಮಾಡಿದರೂ ಮೆಟ್ಟಿಲಾಗಿಯೇ ಉಳಿದು ಕಾಗದವನ್ನು ಹಿಡಿಯುತ್ತಲೇ ಇರುತ್ತದೆ, ಮತ್ತು ಮಣ್ಣು ಕಾಣುವ ಜಾಯಿಂಟ್‌ನ ಹೊರಗಿನ ಪೊಳ್ಳನ್ನು ತುಂಬಿ ಗಟ್ಟಿಮಾಡಲು ಅಗೆತವೇ ಬೇಕು. ಹೊಸ ಕೊಳವೆಯನ್ನು ಕೂರಿಸುವ ಮುನ್ನ ಕೆಳಗಿನ ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡಿಸಿ; ಹಳೆಯ ಸ್ಟೋನ್‌ವೇರ್‌ಗೂ ಹೊಸ ಕೊಳವೆಗೂ ನಡುವೆ ಗಾರೆ ಹಾಕದೆ ರಬ್ಬರಿನ ಕಪ್ಲಿಂಗ್ ಬಳಸಿಸಿ, ಅದು ಮಣ್ಣಿನ ಸಣ್ಣ ಚಲನೆಯನ್ನು ತಾಳಿಕೊಳ್ಳುತ್ತದೆ. 4.8 ಮತ್ತು 7.2ರ ಬೇರುಗಳು ಈಗ ಕತ್ತರಿಸಲ್ಪಟ್ಟಿವೆ, ಆದರೆ ಬೆಳೆಯುತ್ತವೆ. ಒಂದು ವರ್ಷದ ನಂತರ ಅದೇ ಚೇಂಬರಿನಿಂದ, ಕೊಳವೆಯ ಅದೇ ತುದಿಯಲ್ಲಿ ಅಂಕಿಯನ್ನು ಸೊನ್ನೆಗೆ ತಂದು, ಮತ್ತೊಮ್ಮೆ ನೋಡಿಸಿ. ಈ ಸಲದ ಚಿತ್ರಣವನ್ನು ಪಕ್ಕದಲ್ಲಿಟ್ಟು ಆ ಎರಡು ಜಾಯಿಂಟ್‌ಗಳನ್ನು ಹೋಲಿಸಿದರೆ ಬೇರು ಎಷ್ಟು ವೇಗವಾಗಿ ಮರಳುತ್ತಿದೆ ಎಂಬುದು ತಿಳಿಯುತ್ತದೆ. ಲೈನಿಂಗ್ ಬೇಕೇ ಎಂಬುದನ್ನು ಆಗ ನಿರ್ಧರಿಸಿ.